ದೇವರ ಪಾಲಿನ ಗುಡಾಣ

ಮೊನ್ನೆ ಸೊಸೆ ಜೋಳದ ಡಬ್ಬಿಯ ಮುಚ್ಚಳ ತೆಗೆದಳು. ಹುಳು ಬೀಳದಿರಲೆಂದು ಹಾಕಿದ್ದ ಒಣ ಬೇವಿನೆಲೆಯ ಕಹಿ ವಾಸನೆ ಮೂಗಿಗೆ ಬಡಿಯಿತು. ಅವಳು ಮುಖ ಕಿವುಚಿದಳು. ನಾನು ಮಾತ್ರ ಆ ವಾಸನೆಯ ಬೆನ್ನು ಹಿಡಿದು, ಚಿಕ್ಕಂದಿನಲ್ಲಿದ್ದ ತಾವರಗೇರಾ ಕಡೆಯ ನಮ್ಮ ಹಳ್ಳಿಗೆ, ಪಕ್ಕದ ಮನೆಯ ಅಡುಗೆಕೋಣೆಗೆ ಹೋಗಿ ನಿಂತಿದ್ದೆ...

ಆ ಮನೆಯಾಕೆಯನ್ನು ನಾನು ಚಿಗವ್ವ ಅನ್ನುತ್ತಿದ್ದೆ. ಊರಿನಲ್ಲಿದ್ದ ನಾಲ್ಕಾರು ಕ್ರೈಸ್ತರ ಮನೆಗಳಲ್ಲಿ ಅವಳದೂ ಒಂದು. ಒಲೆ ಹೊತ್ತಿಸುವ ಮುಂಚೆ ಪ್ರಾರ್ಥನೆ, ರೊಟ್ಟಿ ಮುರಿಯುವ ಮುಂಚೆ ಪ್ರಾರ್ಥನೆ. ಬೀಸಲು ಕೂತಾಗಲೆಲ್ಲ ಮೊದಲು ಒಂದು ಹಿಡಿ ಜೋಳವನ್ನು, ಬೇವಿನೆಲೆ ಹಾಕಿದ್ದ ಮೂಲೆಯ ಮಣ್ಣಿನ ಗುಡಾಣಕ್ಕೆ ಹಾಕುತ್ತಿದ್ದಳು. ಅದು ದೇವರ ಪಾಲು. ಸುಗ್ಗಿಯ ಪ್ರಾರ್ಥನೆಯ ದಿನ ಅದು ಅವರ ಚರ್ಚಿನ ಸಭೆಗೆ ಹೋಗಿ, ಅಲ್ಲಿಂದ ಇಲ್ಲದವರ ಮನೆ ಸೇರುತ್ತಿತ್ತು. ಅಲ್ಲಿಯವರೆಗೆ ಅವಳ ಮಕ್ಕಳು ಹಸಿದು ಅತ್ತರೂ ಅದಕ್ಕೆ ಕೈ ಹಾಕುವಂತಿರಲಿಲ್ಲ. ಎಂಥ ಕಲ್ಲೆದೆಯ ಹೆಂಗಸಪ್ಪಾ ಎಂದು ನನಗೆ ಸಿಟ್ಟು ಬರುತ್ತಿತ್ತು.

ಅದು ಎರಡನೇ ಮಹಾಯುದ್ಧದ ಕಾಲ. ನಿಜಾಮರ ಸರಕಾರ ಲೆವಿ ಎಂದು ರೈತರ ಮನೆಯ ಕಾಳನ್ನು ಅಳೆದು ಒಯ್ಯುತ್ತಿತ್ತು. ನಾವು ಕೊಡಬೇಕಾದದ್ದನ್ನು ಕೊಟ್ಟಾಗಿತ್ತು. ಉಳಿದದ್ದು ಬಿತ್ತನೆಯ ಜೋಳ ಮಾತ್ರ. ಬಚ್ಚಿಟ್ಟ ಕಾಳು ಹುಡುಕಲು ಕಂದಾಯದ ಅಧಿಕಾರಿ ಗಿರದಾವರ ಮತ್ತೆ ಬರುತ್ತಿದ್ದಾನೆಂದು ಸುದ್ದಿ ಬಂತು. ಇದೂ ಹೋದರೆ ಹೊಲ ಬೀಳು. ಅಪ್ಪನನ್ನು ಚಾವಡಿಗೆ ಕರೆಸಿದ್ದರು. ಅವ್ವನಿಗೆ ದಿಕ್ಕೇ ತೋಚಲಿಲ್ಲ. ಚಿಗವ್ವ ನೀರಿಗೆ ಹೋದದ್ದನ್ನು ನೋಡಿ, ಬುಟ್ಟಿ ಹೊತ್ತು ಓಡಿ, ಜೋಳವನ್ನೆಲ್ಲ ಆ ಗುಡಾಣಕ್ಕೆ ಸುರಿದುಬಿಟ್ಟಳು. ದೇವರ ಪಾಲನ್ನು ಯಾರೂ ಮುಟ್ಟುವುದಿಲ್ಲ ಎಂಬುದು ಅವಳ ಲೆಕ್ಕ. ಸತ್ತರೂ ಚಿಗವ್ವ ಸುಳ್ಳಾಡುವವಳಲ್ಲ ಎಂಬುದು ಆ ಗಡಿಬಿಡಿಯಲ್ಲಿ ಅವಳಿಗೆ ಹೊಳೆಯಲೇ ಇಲ್ಲ.

ಚಿಗವ್ವನಿಗೆ ವಿಷಯ ತಿಳಿಸುವ ಮೊದಲೇ ಗಿರದಾವರ ಬಂದ. ನಮ್ಮ ಮನೆ ತಡಕಿ, ಏನೂ ಸಿಗದೆ, ಅವಳ ಮನೆಗೆ ನುಗ್ಗಿದ. ಅವಳು ಆಗಷ್ಟೇ ಕೊಡ ಇಳಿಸುತ್ತಿದ್ದಳು. ಅವನು ಮೂಲೆಯ ಗುಡಾಣದ ಮುಚ್ಚಳ ತೆಗೆದು ಕೈ ಹಾಕಿದ. ಗುಡಾಣ ಕಂಠಮಟ್ಟ ತುಂಬಿತ್ತು. ಚಿಗವ್ವ ಜೋಳ ನೋಡಿದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಅವ್ವನ ಮುಖ ನೋಡಿದಳು. ಅವಳಿಗೆ ತಿಳಿದುಹೋಯಿತು. ಅವ್ವನ ಬೆರಳುಗಳು ನನ್ನ ಭುಜಕ್ಕೆ ನಾಟಿದ್ದವು.

ಇಷ್ಟು ಜೋಳ ಯಾರದೆಂದು ಗಿರದಾವರ ಕೇಳಿದ. ಚಿಗವ್ವ ಕಣ್ಣು ಮುಚ್ಚಿದಳು. ತುಟಿ ಸಣ್ಣಗೆ ಅಲುಗಿತು. ನಮ್ಮ ಕಥೆ ಮುಗಿಯಿತು ಅಂದುಕೊಂಡೆ.

“ದೇವರದ್ರಿ, ಸಾಹೇಬ್ರ. ಇದರಾಗ ಬಿದ್ದದ್ದೆಲ್ಲಾ ದೇವರದು.”

“ಎಲ್ಲಿ ಅದಾನ ನಿನ್ನ ದೇವರು?”

“ಇಲ್ಲೇ ಅದಾನ್ರಿ. ನಾ ಹೇಳೂದು ಕೇಳಾಕತ್ಯಾನ.”

ಅವನ ಕೈ ಜೋಳದಲ್ಲೇ ಇತ್ತು. ಎಷ್ಟು ಹೊತ್ತು ಇತ್ತೋ... ಕೊನೆಗೆ ಕೈ ಹೊರಗೆಳೆದು, ಕೊಡವಿಕೊಂಡು ಹೊರಟುಹೋದ.

ಅವ್ವ ಆನಂದದಿಂದ ಬುಟ್ಟಿ ತಂದಳು. ಚಿಗವ್ವ ಗುಡಾಣಕ್ಕೆ ಅಡ್ಡ ನಿಂತಳು.

“ದೇವರದು ಅಂತ ದೇವರ ಮುಂದನ ಹೇಳೇನಿ, ಅಕ್ಕಾ. ಈಗ ನಿಂದು ಅನ್ನಾಕ ಬರಂಗಿಲ್ಲ.”

ಅವ್ವ ಕೂಗಾಡಿದಳು, ಶಪಿಸಿದಳು, ಅಲ್ಲೇ ಕುಸಿದು ಅತ್ತಳು. ಚಿಗವ್ವ ಒಳಗೆ ಹೋಗಿ ತನ್ನ ಮನೆಯವರ ಊಟದ ಜೋಳದ ಚೀಲವನ್ನು ಎಳೆದು ತಂದು, ನಮ್ಮ ಬುಟ್ಟಿ ತುಂಬುವವರೆಗೆ ಸುರಿದಳು. ತಮ್ಮ ಹೊಲದ್ದೇ, ಬಿತ್ತಲು ಬರುತ್ತದೆ ಅಂದಳು. ಚೀಲದ ತಳದಲ್ಲಿ ಉಳಿದದ್ದು ಅಷ್ಟಿಷ್ಟೇ. ಅವ್ವ ಅದನ್ನು ನೋಡಿದಳು. ಆದರೂ ಬುಟ್ಟಿ ಎತ್ತಿಕೊಂಡಳು. ಎತ್ತಿಕೊಳ್ಳದೆ ಏನು ಮಾಡುತ್ತಿದ್ದಳು?

ಆ ವರ್ಷ ಬೀಜವಿಲ್ಲದೆ ಅವರ ಹೊಲ ಬೀಳು ಬಿತ್ತು; ಮನೆಯಲ್ಲಿ ಬರೀ ಸೊಪ್ಪು, ನೀರು ಅಂಬಲಿ. ಅವ್ವ ಕೂಲಿಗೆ ಕಾಳು ಸಿಕ್ಕಾಗ ರೊಟ್ಟಿ ಒಯ್ದು ಕೊಡುತ್ತಿದ್ದಳು. ಚಿಗವ್ವ ಅದಕ್ಕೂ ಕಣ್ಣು ಮುಚ್ಚಿ ದೇವರಿಗೆ ವಂದನೆ ಹೇಳಿಯೇ ಮಕ್ಕಳಿಗೆ ಹಂಚುತ್ತಿದ್ದಳು. ನಮ್ಮ ಹೊಲ ಚೆನ್ನಾಗಿಯೇ ಬೆಳೆಯಿತು. ರಾಶಿ ಮಾಡಿದ ದಿನ ಅವ್ವ ಮೊದಲ ಬುಟ್ಟಿಯನ್ನು ಅವಳಿಗೇ ಒಯ್ದಳು. ಬಾಗಿಲಿಗೆ ಬೀಗವಿತ್ತು. ಹೊಟ್ಟೆಗಿಲ್ಲದೆ ಗಂಡ ಮಕ್ಕಳೊಂದಿಗೆ ಹೊಳೆಯ ಆಚೆ ಕೂಲಿ ಹುಡುಕಿಕೊಂಡು ಹೋದಳೆಂದು ಓಣಿಯವರು ಹೇಳಿದರು. ನಾವು ರಾಶಿಯ ಕೆಲಸಕ್ಕೆ ಹೊಲದಲ್ಲೇ ಇದ್ದ ದಿನಗಳಲ್ಲಿ ಹೊರಟಿದ್ದಳು. ಅವ್ವ ಬುಟ್ಟಿಯನ್ನು ಮನೆಗೆ ತರಲಿಲ್ಲ. ಅವರ ಸಭೆಗೆ ಹೋಗಿ ದೇವರ ಪಾಲು ಎಂದು ಕೊಟ್ಟು ಬಂದಳು.

ಚಿಗವ್ವ ತಿರುಗಿ ಬರಲಿಲ್ಲ. ಅವ್ವನೂ ಈಗಿಲ್ಲ. ನಾನು ಚಿಗವ್ವನ ಧರ್ಮದವಳಲ್ಲ, ಪ್ರಾರ್ಥನೆ ನನಗೆ ಬಾರದು. ಆದರೂ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಗ ಯಾರೋ ನನ್ನ ಮಾತು ಕೇಳುತ್ತಿದ್ದಾರೆ ಎನಿಸುತ್ತದೆ. ದೇವರೇ ಇರಬೇಕು. ಅದು ಚಿಗವ್ವನೇ ಆಗಿರಲಿ ಎಂದು ನನಗೆ ಆಸೆ.