ಅಂಚಿನಲ್ಲಿದ್ದ ನನ್ನ ಕೈ

ಕಾಪುವಿನ ಕಡಲ ದಂಡೆಯಲ್ಲಿ ನಾನು ಒಬ್ಬನ ಹಲ್ಲು ಮುರಿದೆ. ಅದನ್ನು ಒಪ್ಪಿಕೊಳ್ಳಲು ನನಗೆ ಒಂಬತ್ತು ದಿನ ಬೇಕಾಯಿತು.

ಉಡುಪಿಯಲ್ಲಿ ಮದುವೆ ವಿಡಿಯೋ ಮಾಡುವುದು ನನ್ನ ಕೆಲಸ. ಆ ಜಗಳದ ಹಿಂದಿನ ವಾರ ಕಾರ್ಕಳದ ಒಂದು ಮದುವೆಯಲ್ಲಿ ನನ್ನ ಡ್ರೋನ್ ಬಂಡೆಗೆ ಬಡಿದು ಬಿದ್ದಿತ್ತು. ಕ್ಯಾಮರಾವನ್ನು ಅಲುಗದಂತೆ ಹಿಡಿಯುವ ಗಿಂಬಲ್‌ನ ಪುಟ್ಟ ರಬ್ಬರುಗಳಲ್ಲಿ ಎರಡು ಹರಿದಿದ್ದವು. ಹೊಸದು ಬರುವವರೆಗೆ ಸಾಕೆಂದು ಅಂಟು ಹಾಕಿಕೊಂಡಿದ್ದೆ.

ಆ ಬೆಳಿಗ್ಗೆ ಕಾಪುವಿನಲ್ಲಿ ಮದುಮಕ್ಕಳ ಚಿತ್ರೀಕರಣ. ಪರದೆಯ ಮೇಲೆ ಎಲ್ಲವೂ ನಡುಗುತ್ತಿತ್ತು. ಸಿಟ್ಟಿನಲ್ಲಿ ಡ್ರೋನನ್ನು ಮತ್ತೆ ಮತ್ತೆ ತಗ್ಗಿಸಿ, ದಂಡೆಯ ಪಕ್ಕದ ಮನೆಯೊಂದರ ಮೇಲೆ ತಂದೆ. ಆ ಮನೆಯಿಂದ ಮೀನುಗಾರನೊಬ್ಬ ಬಂದ.

"ಅದನ್ನು ಇಳಿಸಿ ಮಾರಾಯ್ರೆ. ಹಿಂದೆ ಮಾಡು, ಹಂಚು ಎಂತದೂ ಇಲ್ಲದ ಬಚ್ಚಲು ಉಂಟು, ನನ್ನ ಹೆಂಡತಿ ಸ್ನಾನಕ್ಕೆ ಹೋಗಿದ್ದಾಳೆ."

"ನಾನು ನಿಮ್ಮ ಮನೆಯ ವಿಡಿಯೋ ತೆಗೆಯುವುದಲ್ಲ," ಎಂದೆ.

"ಇಳಿಸಿ ಅಂದೆ." ಅವನು ರಿಮೋಟಿಗೆ ಕೈ ಹಾಕಿದ.

ಮರುಕ್ಷಣ ಅವನು ಕಪ್ಪು ಬಂಡೆಯ ಮೇಲೆ ಬಿದ್ದಿದ್ದ, ಬಾಯಿ ತುಂಬ ರಕ್ತ. ಅವನ ತಮ್ಮ ಓಡಿಬಂದು ದೋಣಿಯ ಹುಟ್ಟಿನಿಂದ ನನ್ನ ಬೆನ್ನಿಗೆ, ಪಕ್ಕೆಗೆ ಬಾರಿಸಿದ. ಎಲುಬು ಲಟಕ್ಕೆಂದದ್ದು ಕೇಳಿಸಿತು. ಡ್ರೋನ್ ಮಾತ್ರ ಮೇಲೆ ನಿಂತು ಎಲ್ಲವನ್ನೂ ತೆಗೆಯುತ್ತಿತ್ತು.

ಆಸ್ಪತ್ರೆಯಲ್ಲಿ, ಠಾಣೆಯಲ್ಲಿ, ಹೆಂಡತಿಯ ಎದುರು ಒಂದೇ ಮಾತು ಹೇಳಿದೆ: ಮೊದಲು ಹೊಡೆದದ್ದು ಅವನು. ಹೇಳಿ ಹೇಳಿ ನಾನೇ ನಂಬಿದೆ. ಸಾಕ್ಷಿಗೆ ವಿಡಿಯೋ ಉಂಟೆಂದೂ ಹೇಳಿದ್ದೆ. ಆದರೆ ಅದು ನಡುಗುವ ಪರಿಗೆ ಯಾರ ಮುಖವೂ ತಿಳಿಯುತ್ತಿರಲಿಲ್ಲ.

ಮಣಿಪಾಲದಲ್ಲಿ ನನಗೆ ಎಡಿಟಿಂಗ್ ಮಾಡಿಕೊಡುವವಳ ಹತ್ತಿರ ಹೋದೆ. ಅವಳು ಬಂಡೆಯ ಒಂದು ಮೂಲೆಯನ್ನು ಗುರುತು ಮಾಡಿಕೊಂಡು, ಒಂದೊಂದು ಫ್ರೇಮನ್ನೂ ಅದಕ್ಕೆ ಹೊಂದಿಸಿದಳು. ಬಂಡೆ ನಿಂತಿತು. ಚಿತ್ರದ ಅಂಚುಗಳು ಮಾತ್ರ ಅತ್ತಿತ್ತ ಜಾರಿ ಕಪ್ಪು ಪಟ್ಟಿ ಕಾಣುತ್ತಿತ್ತು. ನಾನು ಎಡ ಅಂಚಿನಲ್ಲಿದ್ದೆ. ಅವನ ಕೈ ರಿಮೋಟಿನ ಮೇಲಿತ್ತು, ಅಷ್ಟೇ. ನನ್ನ ಮುಷ್ಟಿ ಅವನ ಬಾಯಿಗೆ ಬಡಿಯಿತು. ಮತ್ತೊಮ್ಮೆ ಬಡಿಯಿತು. ಬಿದ್ದವನನ್ನು ಒದ್ದೆ ಕೂಡ. ಒದ್ದದ್ದು ನನಗೆ ನೆನಪೇ ಇರಲಿಲ್ಲ.

ಅವಳು ವಿಡಿಯೋ ನಿಲ್ಲಿಸಿದಳು. "ಪಟ್ಟಿ ಹೋಗಬೇಕಾದರೆ ಅಂಚು ಕತ್ತರಿಸಬೇಕು, ಅಣ್ಣ. ಆಗ ನೀವು ಹೊಡೆದದ್ದು ಕಾಣುವುದಿಲ್ಲ. ಅವನ ತಮ್ಮ ಹೊಡೆಯುವುದು ನಡುವಿನಲ್ಲೇ ಉಂಟು, ಅದು ಇರುತ್ತದೆ. ಎಂತ ಮಾಡಲಿ?"

ಕತ್ತರಿಸು ಎನ್ನಲು ಬಾಯಿ ತೆರೆದಿದ್ದೆ. ಅವಳು ನನ್ನ ಮುಖ ನೋಡುತ್ತಿರಲಿಲ್ಲ.

"ಪಟ್ಟಿ ಇರಲಿ," ಎಂದೆ.

ಅದನ್ನೇ ಠಾಣೆಗೆ ಕೊಟ್ಟು ಹೇಳಿಕೆ ಬದಲಿಸಿದೆ. ಕೇಸು ನನ್ನ ಮೇಲೂ ಆಯಿತು. ಅಲ್ಲಿಂದ ಕಾಪುವಿಗೆ ಹೋದೆ. ಮೀನುಗಾರನ ತುಟಿಗೆ ಹೊಲಿಗೆ ಬಿದ್ದಿತ್ತು, ಮುಂದಿನ ಎರಡು ಹಲ್ಲಿರಲಿಲ್ಲ. ನನ್ನನ್ನು ಕಂಡದ್ದೇ ತಮ್ಮ ಜಗಲಿಯಿಂದ ಎದ್ದ. ಅಣ್ಣ ಅವನ ತೋಳು ಹಿಡಿದು ಕೂರಿಸಿದ.

"ತಪ್ಪು ನನ್ನದು," ಎಂದೆ.

"ಗೊತ್ತುಂಟು." ಅವನು ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿದ. "ಇವಳು ಈಗಲೂ ಬಚ್ಚಲಿಗೆ ಹೋಗುವ ಮೊದಲು ಆಕಾಶ ನೋಡುತ್ತಾಳೆ. ಅದಕ್ಕೆ ಎಂತ ಮಾಡುತ್ತೀರಿ?"

ಆ ಮನೆಯ ಮೇಲೆ ತೆಗೆದ ತುಣುಕುಗಳು ಮೊಬೈಲಿನಲ್ಲಿದ್ದವು. ಅವನ ಹೆಂಡತಿಯ ಎದುರು ಒಂದೊಂದಾಗಿ ಅಳಿಸಿದೆ. ಕೊನೆಯದು ಹೋಗುವವರೆಗೂ ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.