ಒಣಶುಂಠಿಗೆ ಬಿದ್ದ ಓಟು

ಬಸದಿಕೊಪ್ಪಲಿನ ಕಾಂಚನಮಾಲಾ ಎಂಥ ಮಾತಿಗೂ ‘ಆಗ್ಲಿ’ ಎನ್ನುವ ಹೆಂಗಸು. ಕಾಲು ಕೆಜಿ ಬೆಲ್ಲ ಕೊಡವ್ವ ಎಂದರೆ ಆಗ್ಲಿ. ನಾಳೆ ಮಳೆ ಬರುತ್ತಂತೆ ಎಂದರೆ ಆಗ್ಲಿ. ನಿನ್ನ ಅಂಗಡಿ ಅವಲಕ್ಕಿಯಲ್ಲಿ ಕಲ್ಲಿತ್ತು ಎಂದು ಯಾರಾದರೂ ಜಗಳಕ್ಕೆ ಬಂದರೂ ಆಗ್ಲಿ. ನಮ್ಮ ಕಡೆ ಈ ಮಾತು ಅಡ್ಡಗೋಡೆಯ ಮೇಲಿಟ್ಟ ದೀಪ. ಆ ಕಡೆಗೂ ಬೆಳಕು, ಈ ಕಡೆಗೂ ಬೆಳಕು. ಹೂಂ ಎಂದಂತೆಯೂ ಅಲ್ಲ, ಉಹೂಂ ಎಂದಂತೆಯೂ ಅಲ್ಲ. ಕೇಳಿಸಿಕೊಂಡೆ, ಮುಂದಕ್ಕೆ ಹೇಳು ಎಂದಷ್ಟೇ ಅರ್ಥ.

ಅವಳು ಅರಸೀಕೆರೆಯ ಕೊಬ್ಬರಿ ವ್ಯಾಪಾರದ ಮನೆಯಲ್ಲಿ ಹುಟ್ಟಿದವಳು. ಕಾಯಿಯನ್ನು ಬೆರಳಲ್ಲಿ ತಟ್ಟಿ ಒಳಗಿನ ಕೊಬ್ಬರಿ ಎಂಥದೆಂದು ಹೇಳಬಲ್ಲಳು. ಮದುವೆಯಾಗಿ ಹಳೇಬೀಡಿನಿಂದ ಹುಲಿಕೆರೆಗೆ ಹೋಗುವ ದಾರಿಯ ಈ ಊರಿಗೆ ಬಂದ ಮೇಲೆ, ಗಂಡ ಜಿನಪ್ರಸಾದ್ ಜೊತೆ ಊರಬಾಗಿಲ ಮೋರಿಯ ಪಕ್ಕದಲ್ಲೇ ಅಂಗಡಿ ಇಟ್ಟಳು. ಊರಿನ ಕಷ್ಟವೆಲ್ಲ ಆ ಮೋರಿಯಲ್ಲೇ ಇತ್ತು. ಒಂದು ಮಳೆಗಾಲದಲ್ಲಿ ಅದರ ಚಪ್ಪಡಿ ಕುಸಿದು ಬಿತ್ತು. ಅವತ್ತಿನಿಂದ ಬಸ್ಸು ಒಳಗೆ ಬರಲಿಲ್ಲ, ಡೈರಿಯ ಹಾಲಿನ ವ್ಯಾನೂ ಬರಲಿಲ್ಲ. ಬಸುರಿಯರನ್ನೂ ಹಾಲಿನ ಕ್ಯಾನನ್ನೂ ಒಂದೇ ರೀತಿ ಹೊತ್ತು ದಾಟಿಸಬೇಕು. ಎದುರು ಮನೆಯ ಲಲಿತಮ್ಮ ಹಾಲಿನ ಕ್ಯಾನು ಹೊತ್ತು ಜಾರಿ ಬಿದ್ದು, ಎರಡು ಹಸುವಿನ ಹಾಲು ಮೋರಿ ಪಾಲಾದ ದಿನ ಕಾಂಚನಮಾಲಾ ಕಣ್ಣಾರೆ ಕಂಡಿದ್ದಳು.

ಗ್ರಾಮಸಭೆಯಲ್ಲಿ ಅವಳು ಎದ್ದು ನಿಂತು ಮೋರಿಯ ಮಾತೆತ್ತಿದಳು. ಆಗ ಮೆಂಬರಾಗಿದ್ದ ಇಂದುಧರ, ತೋಟ ಟ್ರ್ಯಾಕ್ಟರು ಇದ್ದ ಆಸಾಮಿ, ಕುರ್ಚಿಯಿಂದ ಏಳದೆ ನಕ್ಕ.

“ಕಾಂಚನಕ್ಕ, ಇಲ್ಲಿ ಮಾತಾಡ್ಬೇಕು ಅಂದ್ರೆ ಮೊದ್ಲು ಮೆಂಬರ್ ಆಗ್ಬೇಕು ಕಣಕ್ಕ. ಆಗು, ಆಮೇಲೆ ಮಾತಾಡು.”

ಸಭೆಯೆಲ್ಲ ಗೊಳ್ಳೆಂದಿತು. ಅಭ್ಯಾಸಬಲದಿಂದ ಅವಳ ಬಾಯಿಗೆ ಬಂದದ್ದು ಅದೇ ಮಾತು. “ಆಗ್ಲಿ” ಎಂದಳು. ಆದರೆ ಮನೆಗೆ ಬರುವಷ್ಟರಲ್ಲಿ ಆ ‘ಆಗ್ಲಿ’ ಹೊಟ್ಟೆಯೊಳಗೆ ಕೆಂಡವಾಗಿ ಕೂತಿತ್ತು. ಮಾತಾಡುವುದಕ್ಕೆ ಮೆಂಬರಾಗಬೇಕೆಂದು ಯಾವ ಕಾನೂನು ಹೇಳುತ್ತದೆ? ಗ್ರಾಮಸಭೆ ಎಂದರೆ ಊರವರ ಸಭೆ. ಆದರೂ ಆಗಿಯೇ ತೋರಿಸಬೇಕೆಂಬ ಹಟ ಹಿಡಿಯಿತು. ಕೊರೊನಾ ಬಂದ ವರ್ಷದ ಕೊನೆಗೆ ಪಂಚಾಯಿತಿ ಚುನಾವಣೆ ಕೂಗಿದಾಗ, ಹೆಂಗಸರ ಮೀಸಲೂ ಅಲ್ಲದ ಸೀಟಿಗೆ ಇಂದುಧರನ ಎದುರಿಗೇ ನಿಂತಳು. ಊರಿಗೆ ಊರೇ ಎದ್ದು ಕೂತಿತು!

ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಗುರುತಿಲ್ಲ. ಪಟ್ಟಿಯಲ್ಲಿದ್ದ ಸಾಮಾನುಗಳಲ್ಲೇ ಒಂದನ್ನು ಆರಿಸಿಕೊಳ್ಳಬೇಕು. ಕಾಂಚನಮಾಲಾ ತೆಂಗಿನಕಾಯಿ ಕೇಳಿದಳು. ಇಂದುಧರನೂ ಅದನ್ನೇ ಕೇಳಿದ. ಚೀಟಿ ಎತ್ತಿದರು, ಕಾಯಿ ಅವನ ಪಾಲಾಯಿತು. ತವರಿನ ಆಸ್ತಿಯೇ ಕೈತಪ್ಪಿದಂತೆ ಅವಳ ಮುಖ ಸಪ್ಪಗಾಯಿತು. ಚುನಾವಣಾ ಅಧಿಕಾರಿ ಬೆಂಗಳೂರು ಕಡೆಯ ಹುಡುಗ. ಉಳಿದ ಗುರುತುಗಳನ್ನು ಒಂದೊಂದಾಗಿ ಓದತೊಡಗಿದ.

“ಬೀಸೋ ಕಲ್ಲು?”

ಅವಳು ಮೂಗು ಮುರಿದಳು.

“ಶುಂಠಿ?”

“ಆಗ್ಲಿ” ಎಂದಳು ಕಾಂಚನಮಾಲಾ. ಮುಂದಕ್ಕೆ ಓದಪ್ಪ ಎಂದು ಅವಳ ಅರ್ಥ.

ಹುಡುಗ ಬರೆದುಕೊಂಡು, ಮೊಹರು ಒತ್ತಿ, “ಆಯ್ತು ಮೇಡಂ, ಶುಂಠಿ ನಿಮ್ಮದು” ಎಂದ.

ಅವಳು ಪಟ್ಟಿಗೆ ಕೈ ಅಡ್ಡ ಹಿಡಿದಳು. “ಅಯ್ಯೋ, ನಾನು ಹೂಂ ಅಂದಿಲ್ಲ ಕಣಪ್ಪ! ಆಗ್ಲಿ ಅಂದೆ!”

“ಆಗ್ಲಿ ಅಂದ್ರೆ ಆಗ್ಲಿ ತಾನೇ ಮೇಡಂ?”

ಅವನಿಗೆ ಏನೆಂದು ತಿಳಿಸುವುದು? ನೆಲದೊಳಗೆ ಬೆಳೆಯುವ ಗೆಡ್ಡೆಗೆಣಸು ಜೈನರ ಅಡುಗೆಮನೆ ಹೊಗುವುದಿಲ್ಲ. ಕಿತ್ತರೆ ಗಿಡದ ಜೀವವೇ ಹೋಯಿತು, ಅದರ ಜೊತೆ ಮಣ್ಣಿನ ಸಾವಿರ ಜೀವವೂ ಹೋಯಿತು ಎಂಬ ಕಟ್ಟುನಿಟ್ಟು. ಈರುಳ್ಳಿ, ಆಲೂಗಡ್ಡೆ, ಹಸಿಶುಂಠಿ ಎಲ್ಲ ಆ ಸಾಲಿನವೇ. ಅವಳು ಅಂಗಡಿಯಲ್ಲೂ ಅವನ್ನು ಇಟ್ಟವಳಲ್ಲ. ಈಗ ಅದೇ ಶುಂಠಿಯನ್ನು ಹಿಡಿದು ತಮ್ಮವರದೇ ಬಸದಿ ಬೀದಿಯ ಬಾಗಿಲಿಗೆ ಹೋಗಬೇಕು!

ಸುದ್ದಿ ಅವಳಿಗಿಂತ ಮೊದಲೇ ಊರು ಸೇರಿತ್ತು. ಇಂದುಧರ ಮೋರಿಯಾಚೆ ನಿಲ್ಲಿಸಿದ್ದ ಟ್ರ್ಯಾಕ್ಟರಿನ ಮೇಲೆ ನಿಂತು ಕೂಗಿದ. “ಶುಂಠಿಗೆ ಓಟು ಹಾಕೋನು ಶುಂಠ ಕಣ್ರಲಾ! ತಾನೇ ತಿನ್ನದ ಮಾಲನ್ನ ನಿಮ್ಗೆ ಮಾರಕ್ಕೆ ಬಂದವ್ಳೆ!”

ಲಲಿತಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಗಿಳಿದಳು. “ಏನ್ಲಾ ಇಂದುಧರ, ನಿನ್ ಕಾಯಿ ಒಳ್ಗೆ ಏನೈತೆ ಅಂತ ನಮ್ ಕಾಂಚನಕ್ಕ ಬೆರಳಲ್ಲಿ ತಟ್ಟಿ ಹೇಳ್ತಾಳೆ. ಅಳ್ಳಾಡ್ಸಿದ್ರೆ ನೀರೂ ಇಲ್ಲ, ಒಡೆದ್ರೆ ಕೊಬ್ಬರೀನೂ ಇಲ್ಲ!”

ಮಾತಿಗೆ ಮಾತು ಬೆಳೆಯಿತು. ಆದರೆ ಕಾಂಚನಮಾಲಾಳ ಚಿಂತೆ ಇಂದುಧರನದಾಗಿರಲಿಲ್ಲ. ಒಕ್ಕಲಿಗರ ಬೀದಿಯ ಓಟು ಅರ್ಧ ಅವನಿಗೆ, ಅರ್ಧ ತನಗೆ ಎಂಬ ಲೆಕ್ಕ ಅವಳಿಗಿತ್ತು. ತಕ್ಕಡಿ ವಾಲಬೇಕಾದರೆ ಬಸದಿ ಬೀದಿಯ ಹಿಡಿಯಷ್ಟು ಮನೆಗಳು ಅವಳ ಕಡೆ ಬರಬೇಕು. ಆ ಮನೆಗಳಿಗೆಲ್ಲ ಹಿರಿಯರು ಚಂದ್ರರಾಜರು. ಅವರು ಹೊರಟರೆ ಬೀದಿ ಹೊರಡುತ್ತದೆ, ಕೂತರೆ ಬೀದಿಯೂ ಕೂರುತ್ತದೆ.

ಚಂದ್ರರಾಜರು ಜಗಲಿಯ ಮೇಲಿಂದ ಕಡ್ಡಿ ಮುರಿದಂತೆ ಹೇಳಿಬಿಟ್ಟರು. “ನೋಡಮ್ಮ, ನಿನ್ನ ಮೇಲೆ ನನಗೆ ಬೇಸರ ಇಲ್ಲ. ಆದ್ರೆ ಈ ಕೈಲಿ ಕಂದಮೂಲಕ್ಕೆ ಮೊಹರು ಒತ್ತೋದಿಲ್ಲ. ಅವನ ಕಾಯಿಗೂ ಒತ್ತೋದಿಲ್ಲ. ಈ ಸಲ ಓಟಿನ ಸಹವಾಸವೇ ಬೇಡ.”

ಒಳಗಿನಿಂದ ಕೆಮ್ಮಿದ ಸದ್ದಾಯಿತು. ಕೋಲೂರಿಕೊಂಡು ಹೊರಗೆ ಬಂದವರು ಅವರ ಅಕ್ಕ ಸಾವಿತ್ರಮ್ಮ. ವ್ರತ ನೇಮದಲ್ಲಿ ತಮ್ಮನಿಗಿಂತ ಒಂದು ಕೈ ಮೇಲು.

“ಏನೋ ಚಂದ್ರು, ಆಷಾಢದಲ್ಲಿ ನಿನಗೆ ಕೆಮ್ಮು ಹಿಡಿದು, ಕೊರೊನಾನೋ ಏನೋ ಅಂತ ಮನೆಯೆಲ್ಲ ನಡುಗಿತಲ್ಲ, ಆಗ ಕಷಾಯ ಕುಡಿದ್ಯಲ್ಲ? ಅದ್ರಲ್ಲಿ ಏನಿತ್ತೋ?”

“ಮೆಣಸು, ಜೀರಿಗೆ… ಒಣಶುಂಠಿ.”

“ಯಾರ ಅಂಗಡಿದು?”

ಚಂದ್ರರಾಜರು ಮೀಸೆ ಸವರಿಕೊಳ್ಳುತ್ತ ಕಾಂಚನಮಾಲಾಳ ಕಡೆ ನೋಡಿದರು.

“ಹಸೀದು ಗೆಡ್ಡೆ, ಒಣಗಿದ್ದು ಮದ್ದು. ನಮ್ಮ ಅಪ್ಪನ ಕಾಲದಿಂದ ಒಣಶುಂಠಿ ನಮ್ಮನೆ ಡಬ್ಬಿಲಿ ಐತೆ. ಇವತ್ತು ಹೊಸ ಮಡಿ ತೆಗೀಬೇಡ” ಎಂದರು ಸಾವಿತ್ರಮ್ಮ.

“ಅಕ್ಕ, ಬ್ಯಾಲೆಟ್ ಪೇಪರ್ ಮೇಲೆ ಇರೋದು ಹಸಿದೋ ಒಣಗಿದ್ದೋ ಯಾರಿಗೆ ಗೊತ್ತು?”

ಅಲ್ಲಿಯವರೆಗೆ ತಲೆ ತಗ್ಗಿಸಿ ನಿಂತಿದ್ದ ಕಾಂಚನಮಾಲಾಳ ಬಾಯಿಂದ ಮಾತು ಚಿಮ್ಮಿತು. “ಕಾಗದದ ಮೇಲಿನ ಶುಂಠಿಗೆ ನೀರು ಹನಿಸಿದೋರು ಯಾರು ಯಜಮಾನ್ರೇ? ಒಣಗಿದ್ದೇ ಇರಬೇಕು!”

ಸಾವಿತ್ರಮ್ಮ ಬೊಚ್ಚುಬಾಯಲ್ಲಿ ನಕ್ಕರು. ಚಂದ್ರರಾಜರು ನಗಲಿಲ್ಲ. “ಆಗ್ಲಿ” ಎಂದು ಒಳಗೆ ಹೋದರು. ಆ ಮಾತಿನ ಒಳಹೊರಗು ಕಾಂಚನಮಾಲಾಳಿಗಿಂತ ಚೆನ್ನಾಗಿ ಬಲ್ಲವರು ಯಾರು? ತನ್ನ ಬಾಣ ತಿರುಗಿ ತನಗೇ ನಾಟಿತ್ತು.

ಆದರೂ ಮಾರನೆಯ ಬೆಳಗಿನಿಂದ ಪ್ರಚಾರದ ಕಳೆಯೇ ಬೇರೆಯಾಯಿತು. ಒಣಶುಂಠಿಯ ಒಂದು ಕೊಂಬನ್ನು ದಾರಕ್ಕೆ ಕಟ್ಟಿ ಲಲಿತಮ್ಮ ಕೊರಳಿಗೆ ಹಾಕಿಕೊಂಡಳು. “ಒಣಶುಂಠಿಗಿಂತ ಮದ್ದಿಲ್ಲ, ಕಾಂಚನಕ್ಕನಿಗಿಂತ ಮೆಂಬರಿಲ್ಲ!” ಎಂದು ಹೆಂಗಸರು ಮನೆಮನೆ ಹೊಕ್ಕರು. ಓಟಿಗಾಗಿ ಒಣಶುಂಠಿ ಕಷಾಯ ಹಂಚುತ್ತಿದ್ದಾರೆಂದು ಇಂದುಧರ ದೂರು ಕೊಟ್ಟ. ಅಧಿಕಾರಿ ಹುಡುಗ ಓಡಿ ಬಂದು ನೋಡಿದರೆ, ಕಾಂಚನಮಾಲಾ ಬಂದವರಿಗೆ ನೀರನ್ನೂ ಕೊಡದೆ ಬರೀ ಬಾಯಿಮಾತಿನಲ್ಲಿ ಓಟು ಕೇಳುತ್ತಿದ್ದಳು. ಲಲಿತಮ್ಮನ ಗಂಡ ಲಕ್ಕಪ್ಪನನ್ನು, “ಯಾರಿಗಪ್ಪ ನಿನ್ನ ಓಟು?” ಎಂದು ಎರಡೂ ಕಡೆಯವರು ಕೇಳಿದರು. ಅವನು ಎರಡೂ ಕಡೆಗೆ “ಆಗ್ಲಿ ಆಗ್ಲಿ” ಎಂದ. “ಮನೇಲಿ ಊಟ ಬೇಕೋ ಬ್ಯಾಡ್ವೋ?” ಎಂದು ಲಲಿತಮ್ಮ ಗದರಿದರೆ, “ಓಟು ಗುಟ್ಟು ಕಣೇ, ಸರ್ಕಾರದ ಆರ್ಡರು” ಎಂದು ಬೀಡಿ ಹಚ್ಚಿದ.

ಓಟಿನ ದಿನ ಸ್ಕೂಲಿನ ಮುಂದೆ ಜಾತ್ರೆಯ ಜನ. ಬಾಯಿಗೆ ಮಾಸ್ಕು, ಅಂಗೈಗೆ ಔಷಧಿ, ಆಮೇಲೆ ಬೆರಳಿಗೆ ಶಾಯಿ. ಸಾಲು ಆಮೆಯಂತೆ ತೆವಳಿತು. ಮಧ್ಯಾಹ್ನ ಕಳೆದರೂ ಬಸದಿ ಬೀದಿಯಿಂದ ಒಂದು ತಲೆಯೂ ಕಾಣಲಿಲ್ಲ. ಸ್ಕೂಲಿನ ಸುತ್ತ ಎಳೆದ ಸುಣ್ಣದ ಗೆರೆಯಾಚೆ ನಿಂತಿದ್ದ ಕಾಂಚನಮಾಲಾ ಕತ್ತು ಉದ್ದ ಮಾಡಿ ಮಾಡಿ ಸೋತಳು. ಇಂದುಧರನ ಹುಡುಗರು ಆಗಲೇ ಪಟಾಕಿಯ ಮಾತಾಡುತ್ತಿದ್ದರು.

ಹೊತ್ತು ಇಳಿಯುತ್ತಿದ್ದಂತೆ ಬೀದಿಯ ತಿರುವಿನಲ್ಲಿ ಬಿಳಿ ಪಂಚೆ ಕಂಡಿತು. ಚಂದ್ರರಾಜರು! ಅವರ ಪಕ್ಕ ಕೋಲೂರಿಕೊಂಡು ಸಾವಿತ್ರಮ್ಮ. ಹಿಂದೆ ಇಡೀ ಬೀದಿ, ಗಂಡಸರು, ಹೆಂಗಸರು, ಹೊಸದಾಗಿ ಓಟು ಬಂದ ಹುಡುಗಿಯರು. ಬಾಗಿಲು ಹಾಕುವ ವೇಳೆಗೆ ಎಲ್ಲರೂ ಗೇಟಿನ ಒಳಗಿದ್ದರು. ಒಳಗಿದ್ದವರಿಗೆಲ್ಲ ಚೀಟಿ ಕೊಟ್ಟರು, ಎಷ್ಟು ಹೊತ್ತಾದರೂ ಅವರ ಓಟು ಖಾತ್ರಿ. ಆದರೆ ಸಾಲು ಉದ್ದವಿತ್ತು, ಮಾರ್ಗಶಿರದ ಹೊತ್ತು ಚಿಕ್ಕದು.

ಹೊತ್ತು ಮುಳುಗಿದ ಮೇಲೆ ಈ ಜನ ಅನ್ನ ಮುಟ್ಟುವುದಿಲ್ಲ. ಇಷ್ಟು ಹೊತ್ತಿಗೆ ಎಲ್ಲರ ಮನೆಯಲ್ಲೂ ಎಲೆ ಹಾಕಿರುತ್ತಿತ್ತು. ಸಾಲಿನಲ್ಲಿ ಮುಂದಿದ್ದ ಲಕ್ಕಪ್ಪ ತಿರುಗಿ ನೋಡಿ, ತನ್ನ ಜಾಗ ಬಿಟ್ಟು ಪಕ್ಕಕ್ಕೆ ಸರಿದ.

“ಮುಂದಕ್ಕೆ ಬನ್ನಿ ಯಜಮಾನ್ರೇ. ಹೊತ್ತು ಮುಳುಗಿದ್ರೆ ನಿಮಗೆ ಊಟ ಇಲ್ಲ. ನಾವು ರಾತ್ರಿಗೂ ತಿಂತೀವಿ, ನಡುರಾತ್ರಿಗೂ ತಿಂತೀವಿ.”

“ಅಕ್ಕ ಹೋಗ್ಲಿ. ನಾನು ಬರಲ್ಲ” ಎಂದರು ಚಂದ್ರರಾಜರು. “ಇಷ್ಟು ದಿನ ಓಟು ಬೇಡ ಅಂತ ಕೂತಿದ್ದೋನು ನಾನೇ. ಸರದಿ ಅಂದ್ರೆ ಸರದಿ.”

ಸಾವಿತ್ರಮ್ಮ ಮುಂದೆ ಹೋದರು. ಬೆರಳ ಶಾಯಿ ತೋರಿಸುತ್ತ ಹೊರಗೆ ಬಂದರು. ಸೂರ್ಯ ತೆಂಗಿನ ಗರಿಗಳ ಹಿಂದೆ ಕೆಂಪಗೆ ಜಾರಿದ, ಆಮೇಲೆ ಕಾಣದಾದ. ಚಂದ್ರರಾಜರು ಕದಲಲಿಲ್ಲ. ಅವರ ಹಿಂದಿದ್ದವರಾರೂ ಕದಲಲಿಲ್ಲ. ಸುಣ್ಣದ ಗೆರೆಯಾಚೆ ಕಾಂಚನಮಾಲಾಳೂ ಊಟ ಬಿಟ್ಟು ನಿಂತಿದ್ದಳು. ಅವಳಿಗೆ ಹಸಿವೇ ಆಗಲಿಲ್ಲ. ಒಂದು ಮೊಹರಿಗಾಗಿ ಒಂದು ಬೀದಿ ಉಪವಾಸ ಬಿದ್ದಿತ್ತು! ಒಳಗೆ ಅವರು ಏನು ಒತ್ತಿದರೋ ಯಾರಿಗೂ ತಿಳಿಯದು. ಆದರೂ ಗೆದ್ದಷ್ಟು ಖುಷಿ ಅವಳಿಗೆ ಆಗಲೇ ಆಗಿಬಿಟ್ಟಿತು.

ಎಣಿಕೆ ಬೇಲೂರಿನಲ್ಲಿ. ಹೊರಗೆ ಜನ ಜೇನುಹುಟ್ಟಿನಂತೆ ಗುಂಯ್‌ಗುಟ್ಟುತ್ತಿತ್ತು. ಒಳಗೆ ಮೇಜಿನ ಮೇಲೆ ಕಾಯಿಯ ಕಟ್ಟು ಒಂದು, ಶುಂಠಿಯ ಕಟ್ಟು ಒಂದು. ಕಾಯಿ ಮುಂದೆ. ಶುಂಠಿ ಸರಿಸಮ. ಮತ್ತೆ ಕಾಯಿ. ಕಾಂಚನಮಾಲಾ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳು. ಕೊನೆಯ ಕಟ್ಟು ಬಿಚ್ಚಿದರು. ಶುಂಠಿ, ಶುಂಠಿ, ಕಾಯಿ, ಶುಂಠಿ, ಶುಂಠಿ… ಇಂದುಧರ ಇನ್ನೊಮ್ಮೆ ಎಣಿಸಿ ಎಂದ. ಎಣಿಸಿದರು. ಕಾಯಿ ಕಾಯಿಯಾಗಿಯೇ ಉಳಿಯಿತು, ಶುಂಠಿ ನಾಲ್ಕಾರು ಓಟಿನಿಂದ ಮೇಲೆ ಬಂತು.

“ಗೆದ್ದೋ ಕಣವ್ವೋ!” ಎಂದು ಗೇಟಿನಾಚೆಯಿಂದ ಲಲಿತಮ್ಮ ಕಿರುಚಿದ್ದು ಬೇಲೂರಿನ ಗುಡಿಯ ಗೋಪುರಕ್ಕೂ ಕೇಳಿರಬೇಕು.

ಇಂದುಧರ ಸಪ್ಪಗೆ ಹತ್ತಿರ ಬಂದ. “ಕಾಂಚನಕ್ಕ, ಮೆಂಬರ್ ಆದೆ. ಇನ್ನು ಮಾತಾಡು.”

“ಮಾತಾಡೋಕೆ ಮೆಂಬರ್ ಆಗ್ಬೇಕಿಲ್ಲ ಕಣಪ್ಪ. ಮುಂದಿನ ಗ್ರಾಮಸಭೆಗೆ ನೀನೂ ಬಾ. ಎದ್ದು ನಿಂತು ಕೇಳು. ನಾನು ನಗೋದಿಲ್ಲ.”

ಜನರನ್ನು ತುಂಬಿಕೊಂಡ ಟ್ರ್ಯಾಕ್ಟರು ತಮಟೆ ಬಡಿಯುತ್ತ ಹಗರೆಯ ಮೇಲೆ, ಹಳೇಬೀಡಿನ ಮೇಲೆ ಊರ ಹಾದಿ ಹಿಡಿಯಿತು. ಊರಬಾಗಿಲಲ್ಲಿ ಗಕ್ಕನೆ ನಿಂತಿತು. ಮುಂದೆ ಅದೇ ಕುಸಿದ ಮೋರಿ. ಗೆದ್ದ ಮೆಂಬರನ್ನು ಹೊತ್ತ ಮೆರವಣಿಗೆಯೇ ಊರೊಳಗೆ ಹೋಗುವಂತಿಲ್ಲ. ತಮಟೆ ನಿಂತಿತು. ಎಲ್ಲರೂ ಕಾಂಚನಮಾಲಾಳ ಮುಖ ನೋಡಿದರು. ಆಚೆ ದಡದಲ್ಲಿ ಅಕ್ಕನ ಜೊತೆ ನಿಂತಿದ್ದ ಚಂದ್ರರಾಜರು ಕೂಗಿ ಕೇಳಿದರು.

“ಏನಮ್ಮ ಮೆಂಬರಮ್ಮ, ಈ ಮೋರಿ?”

ಅಭ್ಯಾಸದ ಮಾತು ನಾಲಗೆಯ ತುದಿಗೆ ಬಂದಿತ್ತು. ಕಾಂಚನಮಾಲಾ ಅದನ್ನು ಅಲ್ಲೇ ನುಂಗಿದಳು. ಸೀರೆಯ ನೆರಿಗೆ ಎತ್ತಿ ಹಿಡಿದು ಮೋರಿಗಿಳಿದಳು.

“ಮಾಡಿಸ್ತೀನಿ” ಎಂದಳು.