ಹಾಯಿದೋಣಿಗೆ ಲಾರಿ ಹಾರ್ನ್

ಕೆಂಪಾಪುರದ ನಮ್ಮ ಮನೆ ಓನರ್‌ಗೆ ಯಾವ ಕಷ್ಟ ಹೇಳಿಕೊಂಡರೂ ಒಂದೇ ಉತ್ತರ: "ದಿನಾ ಎಬ್ಬಾಳದ್ ಟ್ರಾಫಿಕ್ ದಾಟೋರ್ಗೆ ಇದ್ಯಾವ್ ಲೆಕ್ಕ ಕಣ್ರೀ?" ಕಾರಿನಲ್ಲಿ ಅವರ ಹೆಬ್ಬೆರಳು ಸದಾ ಹಾರ್ನಿನ ಮೇಲೆ. ದಾರಿ ಬಿಡುವ ಅಭ್ಯಾಸ ಅವರ ಮನೆತನದಲ್ಲೇ ಇರಲಿಲ್ಲ.

ಅರವತ್ತು ದಾಟಿದ ಮೇಲೆ ಅವರಿಗೆ ಹಾಯಿದೋಣಿಯ ಹುಚ್ಚು ಹಿಡಿಯಿತು. ಮಲ್ಪೆಯಲ್ಲಿ ಸಣ್ಣದೊಂದು ದೋಣಿ ಕೊಂಡು, ಒಂದಿಷ್ಟು ಪಾಠ ಹೇಳಿಸಿಕೊಂಡು, ಒಂದು ಬೆಳಿಗ್ಗೆ ಒಬ್ಬರೇ ಕಡಲಿಗಿಳಿದರು. ಜೊತೆಗೆ ಹೋಗಿದ್ದ ನಾನು ಪುಳಿಯೋಗರೆ ಡಬ್ಬಿ ಹಿಡಿದು ದಡದಲ್ಲಿ ನಿಂತೆ. ಹೊಸ ಗಾಡಿಯ ಚಕ್ರಕ್ಕಿಡುವ ನಿಂಬೆಹಣ್ಣನ್ನು, ದೋಣಿಗೆ ಚಕ್ರವಿಲ್ಲದ್ದರಿಂದ, ಚುಕ್ಕಾಣಿಯ ಹಿಡಿಯ ಕೆಳಗಿಟ್ಟಿದ್ದರು. ಲಾರಿ ಹಾರ್ನನ್ನು ಮಾತ್ರ ಬೆಂಗಳೂರಿನಿಂದಲೇ ತಂದು ಕಟ್ಟಿಸಿದ್ದರು.

ಮುಂದೆ ಮೀನುಗಾರರ ಬೋಟೊಂದು ನಿಧಾನವಾಗಿ ಸಾಗುತ್ತಿತ್ತು. ಓನರ್ ಹಾರ್ನ್ ಒತ್ತಿದರು. ಅದು ಸರಿಯಲಿಲ್ಲ. ಮತ್ತೆ ಒತ್ತಿ, ಅದರ ಬೆನ್ನಿಗೇ ನುಗ್ಗಿದರು. ಬೋಟು ನೀರೊಳಗೆ ಉದ್ದದ ಬಲೆ ಎಳೆಯುತ್ತಿದ್ದುದು ಅವರಿಗೆ ಕಾಣಲಿಲ್ಲ. ಚುಕ್ಕಾಣಿ ಬಲೆಗೆ ಸಿಕ್ಕಿ, ದೋಣಿ ಹಿಮ್ಮುಖವಾಗಿ ಮೀನುಗಳ ಜೊತೆ ಮೆರವಣಿಗೆ ಹೊರಟಿತು. ಹಾರ್ನ್ ದಡದವರೆಗೂ ಕೇಳುತ್ತಲೇ ಇತ್ತು.

ಅವರನ್ನು ದಡಕ್ಕೆ ತಂದುಬಿಟ್ಟ ಮೀನುಗಾರ ಹರಿದ ಬಲೆ ತೋರಿಸಿದ. "ಎಂತ ಮಾರಾಯ್ರೆ, ನಾವು ನಿಧಾನ ಹೋಗುದು ಸುಮ್ನೆಯಾ? ಹಿಂದೆ ಬಲೆ ಉಂಟಲ್ಲ!" ಓನರ್ ನನ್ನ ಕೈಲಿದ್ದ ಪುಳಿಯೋಗರೆ ಡಬ್ಬಿಯನ್ನು ತೆಗೆದು ಅವನ ಕೈಗಿತ್ತರು.

ಮರುದಿನ ಹೆಬ್ಬಾಳದಲ್ಲಿ ಹಳೇ ನೀರಿನ ಟ್ಯಾಂಕರೊಂದು ತೆವಳುತ್ತಾ ನಮ್ಮ ಕಾರಿಗೆ ಅಡ್ಡ ಬಂತು. ಅವರ ಹೆಬ್ಬೆರಳು ಹಾರ್ನಿನವರೆಗೆ ಹೋಗಿ ನಿಂತಿತು. ಕಿಟಕಿಯಿಂದ ಕೈ ಹೊರಹಾಕಿ ಟ್ಯಾಂಕರಿನವನಿಗೆ ಹೇಳಿದರು:

"ಓಗಪ್ಪಾ, ನೀನೇ ಮೊದ್ಲು ಓಗು. ನಿನ್ ಬಲೆ ಎಲ್ಲಿಗಂಟ ಐತೋ ಯಾರಿಗ್ಗೊತ್ತು!"